ಕೆಟ್ಟದ್ದನ್ನು ಮೊದಲೇ ತಿಳಿಸುವ ರೂಢಿ

ಜಪಾನಿನಲ್ಲಿ ಕೆಲಸಕ್ಕೆ ಸೇರಿದ ಪರದೇಶದವರ ಕಣ್ಣಿಗೆ ಮೊದಲು ಬೀಳುವುದು ಬಾಗಿ ವಂದಿಸುವುದು, ಬೆಳಗಿನ ಸಭೆ, ಎರಡೂ ಕೈಯಿಂದ ವಿಸಿಟಿಂಗ್ ಕಾರ್ಡ್ ಕೊಡುವುದು. ನವಲಗುಂದ, ಕಲಘಟಗಿ ಕಡೆಯ ಐಟಿಐ ಹುಡುಗರು ಅಲ್ಲಿಗೆ ಹೋದರೆ ಇವನ್ನೆಲ್ಲ ಬೇಗ ಕಲಿತಾರು. ಕಷ್ಟದ್ದು ಬೇರೆ ಇದೆ. ಕೆಲಸ ಎಲ್ಲಿಗೆ ಬಂತು, ಏನು ಕೆಟ್ಟಿತು ಎಂಬುದನ್ನು ಕೇಳುವ ಮೊದಲೇ ಮೇಲಿನವರಿಗೆ ಹೇಳಬೇಕು. ಈ ರೂಢಿಗೆ ಅಲ್ಲಿ ‘ಹೊರೆನ್ಸೊ’ ಎನ್ನುತ್ತಾರೆ. ಟೊಯೊಟಾ ಪದ್ಧತಿಯಲ್ಲಿ ದೋಷ ಕಂಡ ಕಾರ್ಮಿಕ ಪಕ್ಕದ ಹಗ್ಗ ಎಳೆಯುತ್ತಾನೆ, ತಂಡದ ಮುಖ್ಯಸ್ಥ ಬಂದು ನೋಡುತ್ತಾನೆ, ಸರಿಹೋಗದಿದ್ದರೆ ಉತ್ಪಾದನೆಯ ಸಾಲೇ ನಿಲ್ಲುತ್ತದೆ. ನಮ್ಮ ಎಷ್ಟೋ ಗ್ಯಾರೇಜುಗಳಲ್ಲಿ ಹುಡುಗರು ಬೈಗುಳಕ್ಕೆ ಅಂಜಿ ಮುರಿದ ಬೋಲ್ಟನ್ನು ಮುಚ್ಚಿಡುತ್ತಾರೆ. ಹೇಳಿದವನಿಗೇ ದಂಡ ಬೀಳುವ ಕಡೆ ಯಾರು ತಾನೆ ಬಾಯಿ ಬಿಟ್ಟಾರು?

ಹೀಗೆ ಮೊದಲೇ ಹೇಳುವುದು ಜಪಾನೀಯರ ಹುಟ್ಟುಗುಣ, ನಮಗೆ ಒಗ್ಗದು ಎನ್ನುವವರಿದ್ದಾರೆ. ಆ ಮಾತು ನಿಲ್ಲುವುದಿಲ್ಲ. 1950ರಲ್ಲಿ ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಅಲ್ಲಿನ ಎಂಜಿನಿಯರುಗಳಿಗೆ ಗುಣಮಟ್ಟದ ಪಾಠ ಹೇಳಿದರು. ಕಾರ್ಮಿಕರೇ ಕೂಡಿ ದೋಷ ಹುಡುಕುವ ಗುಣಮಟ್ಟ ವೃತ್ತಗಳು 1962ರಲ್ಲಿ ಶುರುವಾದವು. ಅವರೂ ಕಲಿತೇ ಬಂದವರು. ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಕರ್ನಾಟಕದ ಹಳ್ಳಿ ಮಕ್ಕಳನ್ನು ಇದೇ ಶಿಸ್ತಿನಲ್ಲಿ ತಯಾರು ಮಾಡುತ್ತಿದೆ. ಧಾರವಾಡದಲ್ಲೇ ಟಾಟಾ ಹಿಟಾಚಿಯ ಅಗೆಯುವ ಯಂತ್ರಗಳು ನಮ್ಮವರ ಕೈಯಲ್ಲಿ ಸಿದ್ಧವಾಗುತ್ತವೆ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಈ ಶಿಸ್ತು ಮನುಷ್ಯನನ್ನು ಹಿಂಡುತ್ತದೆ. ಸಾಹೇಬರು ಏಳುವವರೆಗೆ ತಾನೂ ಕೂತಿರುವ ರೂಢಿ, ದುಡಿದು ದುಡಿದೇ ಸತ್ತವರ ಪ್ರಕರಣಗಳು ಜಪಾನನ್ನೇ ಕಂಗೆಡಿಸಿವೆ. ಅದಕ್ಕಾಗಿಯೇ 2018ರ ಕಾನೂನು ಓವರ್‌ಟೈಮಿಗೆ ತಿಂಗಳಿಗೆ 45 ಗಂಟೆಯ ಸಾಮಾನ್ಯ ಮಿತಿ ಹಾಕಿತು. 2020ರ ನವೆಂಬರಿನಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಮುಷ್ಕರ ನಡೆದು ಬೀಗಮುದ್ರೆ ಬಿದ್ದಾಗ ಕಾರ್ಮಿಕ ಸಂಘದ ದೂರುಗಳಲ್ಲಿ ಕೆಲಸದ ಹೊರೆಯೂ ಇತ್ತು. ಹಾಗಾದರೆ ರೂಢಿಯೇ ಕೆಟ್ಟದ್ದೇ? ನನಗೆ ಹಾಗೆನಿಸುವುದಿಲ್ಲ. ಯಂತ್ರದ ದೋಷ ಕೇಳುವಷ್ಟೇ ಆಸ್ಥೆಯಿಂದ ಕಾರ್ಮಿಕನ ದಣಿವನ್ನೂ ಕೇಳಿದಾಗ ಮಾತ್ರ ಅದು ಪೂರ್ಣ. ಕೇಳಿಸಿಕೊಳ್ಳದ ಮಾಲೀಕನನ್ನು ಬಿಟ್ಟು ಹೋಗುವ ದಾರಿ ಇದ್ದಾಗಲೇ ಹೇಳಲು ಧೈರ್ಯ ಬರುವುದು. ಜಪಾನಿನ ಹಳೆಯ ತಾಂತ್ರಿಕ ತರಬೇತಿ ಯೋಜನೆಯಡಿ ಅಲ್ಲಿಗೆ ಹೋದ ಪರದೇಶದವರಿಗೆ ಸಾಮಾನ್ಯವಾಗಿ ಆ ದಾರಿ ಇರಲಿಲ್ಲ. 2024ರಲ್ಲಿ ಜಪಾನ್ ಸಂಸತ್ತು ಅದರ ಬದಲಿಗೆ ಹೊಸ ವ್ಯವಸ್ಥೆ ತರುವ ಕಾನೂನು ಮಾಡಿತು. 2021ರ ಜನವರಿಯ ಭಾರತ–ಜಪಾನ್ ಒಪ್ಪಂದದ ‘ನಿರ್ದಿಷ್ಟ ಕುಶಲ ಕೆಲಸಗಾರ’ ವೀಸಾದಲ್ಲಿ ಅದೇ ಕ್ಷೇತ್ರದೊಳಗೆ ಮಾಲೀಕರನ್ನು ಬದಲಿಸಬಹುದು. ಕುಂದಗೋಳದಿಂದಲೋ ಅಣ್ಣಿಗೇರಿಯಿಂದಲೋ ಹೊರಡುವವರು ಏಜೆಂಟರನ್ನು ಸಂಬಳ ಕೇಳುವ ಮೊದಲು ವೀಸಾ ಯಾವುದೆಂದು ಕೇಳಲಿ.