ರಾತ್ರಿಯೇ ಮುಗಿಯುವ ಮುಂಜಾನೆಯ ಕೆಲಸ

ನಾನು ನಿಪ್ಪಾಣಿಯ ಒಂದು ಮನೆಗೆ ಹೋದದ್ದು ಬೀಡಿ ಕಟ್ಟುವವರ ಮಜೂರಿ ವಿಚಾರಿಸಲು. ಬರೆದುಕೊಂಡು ಬಂದದ್ದು ತಲೆ ಹಿಕ್ಕುವ ವಿದ್ಯೆ. ಸಾಲಿಗೆ ಹೊರಟ ಮಗಳನ್ನು ಮುಂದೆ ಕೂಡಿಸಿಕೊಂಡ ತಾಯಿ ನೆತ್ತಿಗೆ ಒದ್ದೆ ಕೈ ಸವರಿ, ಬೈತಲೆ ತೆಗೆದು, ಎರಡು ಹೆರಳು ಹಾಕಿ, ಮಡಚಿ ರಿಬ್ಬನ್ ಬಿಗಿದು ಎಬ್ಬಿಸಿದರು. ಹಿಂದೆಯೇ ಕಿರಿಯವಳು ಬಂದು ಕೂತಳು. ಒಲೆಯ ಮೇಲಿನ ಚಹಾ ಇಳಿಯುವಷ್ಟರಲ್ಲಿ ಇಬ್ಬರೂ ತಯಾರು. ಅಳುವಿಲ್ಲ, "ಅವ್ವಾ, ಜಗ್ಗಬ್ಯಾಡ" ಎಂಬ ಕೂಗಿಲ್ಲ.

"ಸಿಕ್ಕ ಬಿಡಸೂದು ರಾತ್ರಿನ ಮುಗಸ್ತೀನ್ರಿ. ಮುಂಜಾನಿ ಹಣಿಗಿ ಹಿಡದು ಕುಂತ್ರ ಸಾವಿರ ಬೀಡಿ ಯಾವಾಗ ಕಟ್ಲಿ?" ಎಂದರು.

ಕ್ರಮ ಇಷ್ಟೇ. ಊಟವಾದ ಮೇಲೆ ಅಂಗೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಅಗಲ ಹಲ್ಲಿನ ಹಣಿಗೆಯಿಂದ ಮೊದಲು ತುದಿ, ಆಮೇಲೆ ನಡು, ಕೊನೆಗೆ ಬುಡ. ನಂತರ ಸಡಿಲವಾದ ಒಂದು ಹೆರಳು ಹಾಕಿ ಮಲಗಿಸುವುದು. ಬೆಳಗ್ಗೆ ಬಿಚ್ಚಿದರೆ ಹಣಿಗೆ ಎಲ್ಲಿಯೂ ತಡೆಯುವುದಿಲ್ಲ. ನೆತ್ತಿಯ ಮೇಲೆ ಎದ್ದು ನಿಂತ ನಾಲ್ಕು ಕೂದಲನ್ನು ಕೂರಿಸಿದರೆ ಆಯಿತು.

ಇದರಲ್ಲಿ ಶಾಸ್ತ್ರವೂ ಇದೆ. ಕೂದಲಿನ ಹೊರಪದರ ಹೆಂಚು ಹೊದಿಸಿದಂತೆ ಇರುತ್ತದೆ, ಚಕ್ಕೆಗಳ ಅಂಚು ತುದಿಯ ಕಡೆಗೆ. ಅದಕ್ಕೇ ಹಣಿಗೆ ಕೆಳಮುಖವಾಗಿ ಆಡಬೇಕು. ಆದರೆ ಬುಡದಿಂದ ಒಮ್ಮೆಲೇ ಎಳೆದರೆ ಇರುವ ಸಿಕ್ಕೆಲ್ಲ ಕೆಳಗೆ ಜಮೆಯಾಗಿ ಗಂಟು ಬಿಗಿಯುತ್ತದೆ. ನೀರು ತಾಗಿದಾಗ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಸಡಿಲವಾಗಿ, ಒಣಗುವಾಗ ಹೇಗಿಟ್ಟಿದ್ದೇವೋ ಹಾಗೆ ಮತ್ತೆ ಕೂಡುತ್ತವೆ. ಒದ್ದೆ ಕೈ ಸವರುವುದರ ಗುಟ್ಟು ಇದೇ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕಿಳಿದು ಪ್ರೋಟೀನ್ ನಷ್ಟ ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ತೋರಿಸಿತು. ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಆಯಿಲ್‌ಗೂ ಆ ಗುಣ ಕಂಡಿರಲಿಲ್ಲ. ದಿನಾ ಬೆಳಗ್ಗೆ ಸುಡುವ ಸ್ಟ್ರೇಟ್ನರ್ ಹಿಡಿದು ಕೂದಲು ನೆಟ್ಟಗೆ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಸಮಯವೂ ಹೋಗುತ್ತದೆ, ಕೂದಲೂ ಹೋಗುತ್ತದೆ.

ಆದರೆ ಆ ಮನೆಯಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಮೂಲೆಯಲ್ಲಿದ್ದ ಅಜ್ಜಿಯ ಮಾತು. "ಹಿಕ್ಕದ ಬಿಟ್ರ ಜಡಿ ಬೀಳತೈತಿ. ಜಡಿ ಬಿದ್ರ ದೇವ್ರು ಬಂದಾಳ ಅಂತಿದ್ರು, ಕತ್ತರಿ ಹಚ್ಚಾಕ ಅಂಜತಿದ್ರು."

ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ, ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಜಡೆಗಟ್ಟಿದ ತಲೆಗೆ ಭಂಡಾರ ಹಚ್ಚಿಕೊಂಡ ಹೆಂಗಸರನ್ನು ಕಂಡವರು ಬಹಳ. ಜಡೆಗಟ್ಟುವ ಬಗೆ ಸರಳ. ದಿನಕ್ಕೆ 50ರಿಂದ 100 ಕೂದಲು ತಾವಾಗಿಯೇ ಉದುರುತ್ತವೆ. ಹಣಿಗೆ ಆಡದಿದ್ದರೆ ಉದುರಿದವು ಅಲ್ಲಿಯೇ ಸಿಕ್ಕಿಕೊಂಡು, ಜಿಡ್ಡು, ಧೂಳು ಸೇರಿ ಗಟ್ಟಿಯಾಗುತ್ತವೆ. ಬಾಣಂತನ, ಉದ್ದನೆಯ ಕಾಯಿಲೆ, ಬಿಡುವಿಲ್ಲದ ದುಡಿಮೆ, ಇಷ್ಟು ಸಾಕು. ಅದನ್ನು ಎಲ್ಲಮ್ಮನ ಕರೆ ಎಂದು ತಿಳಿದು ಎಷ್ಟೋ ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟರು. ಹೀಗೆ ದೇವರಿಗೆ ಬಿಡುವ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕ 1982ರಲ್ಲಿ ರೂಪಿಸಿತು. ಗಡಿಯಾಚೆ ಮಹಾರಾಷ್ಟ್ರದ ಅಂಧಶ್ರದ್ಧಾ ನಿರ್ಮೂಲನ ಕಾರ್ಯಕರ್ತರು ಮನೆಮನೆಗೆ ಹೋಗಿ, ಧೈರ್ಯ ಹೇಳಿ, ಜಡೆ ಕತ್ತರಿಸಿ ಕೊಡುತ್ತ ಬಂದಿದ್ದಾರೆ. ವರ್ಷಗಟ್ಟಲೆ ಹೊತ್ತ ಭಾರ ಇಳಿದು ಕುತ್ತಿಗೆ ನೋವು ಹೋಯಿತೆನ್ನುವ ಹೆಂಗಸರಿದ್ದಾರೆ. ತಾಯಿ ಬಾಚಣಿಗೆ ಹಿಡಿದು ಕೂರುವ ಆ ಹೊತ್ತನ್ನು ಬರೀ ಅಲಂಕಾರವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಮನೆಯಲ್ಲಿ ಮಾಡುವವರಿಗೆ ಇನ್ನೆರಡು ಮಾತು. ತಲೆ ತೊಳೆದ ದಿನ ತೊಟ್ಟಿಕ್ಕುವ ಕೂದಲನ್ನು ಹಿಕ್ಕಬಾರದು. ಒದ್ದೆ ಕೂದಲು ಜಗ್ಗಿ ಹರಿಯುತ್ತದೆ, ಅರ್ಧ ಆರುವವರೆಗೆ ಕಾಯಬೇಕು. ಹೆರಳು ಹಣೆ ಎಳೆಯುವಷ್ಟು ಬಿಗಿಯಾಗಿರಬಾರದು. ವರ್ಷಗಟ್ಟಲೆ ಹಾಗೆ ಎಳೆದರೆ ಮುಂದಲೆಯ ಕೂದಲು ತೆಳುವಾಗುತ್ತದೆ. ಕಾಗವಾಡ, ಅಥಣಿ ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ಕಾಲೇಜಿಗೆ ಹೋಗುವ ಹುಡುಗಿಯರು ಈಗ ಎರಡು ಹೆರಳು ಒಲ್ಲೆ ಎನ್ನುತ್ತಾರೆ. ಅವರಿಗೂ ರಾತ್ರಿಯ ಹೆರಳೇ ಒದಗುತ್ತದೆ. ತುಸು ತೇವವಿರುವಾಗ ಹೆಣೆದದ್ದನ್ನು ಬೆಳಗ್ಗೆ ಪೂರ್ತಿ ಒಣಗಿದ ಮೇಲೆ ಬಿಚ್ಚಿದರೆ ಕೂದಲು ಅಲೆಅಲೆಯಾಗಿ ನಿಲ್ಲುತ್ತದೆ, ಹಿಂದೊಂದು ಕ್ಲಿಪ್ಪು ಹಾಕಿದರೆ ಬಸ್ಸಿಗೆ ಓಡಬಹುದು.