ಪಿಟೀಲು ಕಿರುಗುಟ್ಟುವುದೇಕೆ?

“ಕಲಿಯಲು ತೊಡಗಿ ಆರು ತಿಂಗಳಾಯಿತು. ಪಿಟೀಲು ಇನ್ನೂ ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟುತ್ತಿದೆ. ನನಗೆ ಸಂಗೀತ ಒಲಿಯುವುದಿಲ್ಲವೇನೋ!” ವಾದ್ಯ ಹಿಡಿದ ವಿದ್ಯಾರ್ಥಿಗಳಲ್ಲಿ ಅನೇಕರು ಒಂದಲ್ಲ ಒಂದು ದಿನ ಹೀಗೆ ಹೇಳುತ್ತಾರೆ. ಅಷ್ಟರಲ್ಲಿ ಪರೀಕ್ಷೆ ಬರುತ್ತದೆ, ವಾದ್ಯ ಪೆಟ್ಟಿಗೆ ಸೇರುತ್ತದೆ. ಎಷ್ಟೋ ಮನೆಗಳಲ್ಲಿ ಆ ಪೆಟ್ಟಿಗೆ ಮತ್ತೆ ತೆರೆಯುವುದೇ ಇಲ್ಲ. ಇದಕ್ಕೆ ಪ್ರತಿಭೆಯ ಕೊರತೆಯೇ ಕಾರಣವೇ? ವಿಚಾರ ಮಾಡಿ ನೋಡೋಣ.

ಪಿಟೀಲಿನ ಕಮಾನಿಗೆ ಕುದುರೆ ಬಾಲದ ಕೂದಲನ್ನು ಕಟ್ಟಿರುತ್ತಾರೆ. ರೋಸಿನ್ ಎಂಬ ರಾಳವನ್ನು ಉಜ್ಜಿದಾಗ ಆ ಕೂದಲು ತಂತಿಯನ್ನು ಹಿಡಿದು ತನ್ನೊಡನೆ ಎಳೆಯುತ್ತದೆ. ಎಳೆತ ಮಿತಿ ಮೀರಿದೊಡನೆ ತಂತಿ ಜಾರಿ ಹಿಂದಕ್ಕೆ ಚಿಮ್ಮುತ್ತದೆ. ಹೀಗೆ ಹಿಡಿಯುವುದು, ಜಾರುವುದು ಸೆಕೆಂಡಿಗೆ ನೂರಾರು ಬಾರಿ ಒಂದೇ ಕ್ರಮದಲ್ಲಿ ನಡೆದರೆ ಅದು ನಾದ. ಕ್ರಮ ತಪ್ಪಿದರೆ ಬರಿಯ ಸದ್ದು. ಬಾಗಿಲು ಕಿರುಗುಟ್ಟುವುದೂ ಇದೇ ರೀತಿಯ ಹಿಡಿತ ಮತ್ತು ಜಾರಿಕೆಯಿಂದಲೇ! ಕಮಾನನ್ನು ಅತಿಯಾಗಿ ಒತ್ತಿದರೆ ಕರ್ಕಶ, ಒತ್ತಡ ಸಾಲದಿದ್ದರೆ ಪೀಚಲು ದನಿ. ಒತ್ತಡ ಮತ್ತು ವೇಗಗಳ ಈ ಹದವನ್ನು ಕೈ ನಿಧಾನವಾಗಿಯೇ ಕಲಿಯಬೇಕು.

ಇನ್ನು ಎಡಗೈಯ ಕಷ್ಟ. ವೀಣೆಗೆ 24 ಮೆಟ್ಟಿಲುಗಳಿವೆ. ಪಿಟೀಲಿಗೆ ಒಂದೂ ಇಲ್ಲ. ಸುಮಾರು 33 ಸೆಂಟಿಮೀಟರ್ ಉದ್ದದ ತಂತಿಯಲ್ಲಿ ಷಡ್ಜದಿಂದ ಶುದ್ಧ ಋಷಭಕ್ಕೆ ಸುಮಾರು 2 ಸೆಂಟಿಮೀಟರ್ ದೂರ. ಅದೇ ತಂತಿಯಲ್ಲಿ ಒಂದು ಸ್ಥಾಯಿ ಮೇಲೆ ಹೋದರೆ ಈ ದೂರ ಅರ್ಧಕ್ಕಿಳಿಯುತ್ತದೆ. ಬೆರಳು ಎರಡು ಮೂರು ಮಿಲಿಮೀಟರ್ ಸರಿದರೂ ಪಳಗಿದ ಕಿವಿಗೆ ಅಪಸ್ವರ ತಿಳಿಯುತ್ತದೆ.

ಬೇಸರದ ಗುಟ್ಟು ಇಲ್ಲಿಯೇ ಇದೆ. ಒಳ್ಳೆಯ ಸಂಗೀತವನ್ನು ಕೇಳುತ್ತಾ ಕಿವಿ ಬೇಗ ಬೆಳೆಯುತ್ತದೆ. ಕೈ ಹಿಂದೆ ಉಳಿಯುತ್ತದೆ. ಮೊದಲ ತಿಂಗಳು ಕೇಳಿಸದಿದ್ದ ತಪ್ಪು ಆರನೆಯ ತಿಂಗಳು ಕೇಳಿಸಿದಾಗ, ನಮ್ಮ ವಾದನ ಕೆಟ್ಟಿತೆಂದು ಭಾಸವಾಗುತ್ತದೆ. ವಾಸ್ತವವಾಗಿ ಅದು ಪ್ರಗತಿಯ ಗುರುತು. 1890ರ ದಶಕದಲ್ಲಿ ಅಮೆರಿಕದ ಬ್ರಯಾನ್ ಮತ್ತು ಹಾರ್ಟರ್ ಎಂಬ ಸಂಶೋಧಕರು ತಂತಿ ಸಂದೇಶದ ಕೆಲಸ ಕಲಿಯುವವರನ್ನು ಗಮನಿಸಿದರು. ನಡುವೆ ಕೆಲವು ವಾರ ಕಲಿಕೆ ನಿಂತಂತೆ ಕಂಡು, ಬಳಿಕ ಮತ್ತೆ ಮೇಲೇರಿದ್ದನ್ನು ಅವರು ದಾಖಲಿಸಿದ್ದಾರೆ. ಇಂಥ ನಿಲುಗಡೆ ಎಲ್ಲರಿಗೂ ಬಂದೇ ತೀರಬೇಕೆಂದಿಲ್ಲ. ಬಂದರೆ ಅದೇ ಕೊನೆಯೆಂದು ತಿಳಿಯಬೇಕಾಗಿಲ್ಲ.

“ಹಾಡ್ತಾ ಹಾಡ್ತಾ ರಾಗ” ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ತಪ್ಪನ್ನೇ ನೂರು ಬಾರಿ ನುಡಿಸಿದರೆ ತಪ್ಪೇ ಕೈಗೆ ಕೂಡುತ್ತದೆ. ಆದ್ದರಿಂದ ಮಾಯಾಮಾಳವಗೌಳದ ಸರಳೆ ವರಸೆಯನ್ನು ಶ್ರುತಿಯೊಡನೆ ಮೊದಲ ಕಾಲದಲ್ಲಿಯೇ ನುಡಿಸಿ. ಸ್ವರವನ್ನು ಮೊದಲು ಬಾಯಲ್ಲಿ ಹಾಡಿ, ಅನಂತರ ತಂತಿಯಲ್ಲಿ ಹುಡುಕಿ. ಎಡವಿದ ಕಡೆ ನಿಂತು, ಆ ನಾಲ್ಕು ಸ್ವರಗಳನ್ನಷ್ಟೇ ತಿದ್ದಿಕೊಳ್ಳಿ. ಭಾನುವಾರ ಒಮ್ಮೆಗೇ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಲೇಸು.

ಎಲ್ಲರೂ ವಿದ್ವಾಂಸರಾಗಬೇಕಾಗಿಲ್ಲ. ಹವ್ಯಾಸಿಗೆ ಸಭೆಯ ಭಯವಿಲ್ಲ, ಗಡುವಿನ ಅವಸರವೂ ಇಲ್ಲ. ಕಲಿತ ಕಿವಿ ಮುಂದೆ ಕೇಳುವ ಪ್ರತಿ ಕಛೇರಿಯಲ್ಲಿಯೂ ಜೊತೆಗಿರುತ್ತದೆ. ಪರೀಕ್ಷೆಯ ದಿನಗಳಲ್ಲಿಯೂ ಹತ್ತು ನಿಮಿಷ ಆ ಪೆಟ್ಟಿಗೆಯನ್ನು ತೆರೆಯಿರಿ.