ಮೇಲೆ ಮಡ್ಡಿ, ಕೆಳಗೆ ಹೊಳಿ

ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಅಂಟಿಕೊಂಡ ಒಂದು ಊರು. ಮೇ ತಿಂಗಳ ಕೊನೆಯ ವಾರ. ಹೊಳೆ ಬಡಕಲಾಗಿ ಮಲಗಿದೆ. ದಡದ ಕಬ್ಬಿಗೆ ನೀರೆತ್ತುವ ಪೈಪುಗಳು ಕೆಸರಿನಲ್ಲಿ ಬಾಯಿ ಊರಿ ನಿಂತಿವೆ. ಹಣಮಪ್ಪನ ಗುಡಿಯ ಗೋಡೆಯಲ್ಲಿ ಮಾತ್ರ ಎದೆಮಟ್ಟಕ್ಕೆ ಒಂದು ಕಂದು ಗೆರೆ ಉದ್ದಕ್ಕೂ ಓಡಿದೆ. 2019ರ ಆಗಸ್ಟಿನಲ್ಲಿ ನೀರು ಬಂದು ನಿಂತಿದ್ದ ಗುರುತು ಅದು. ಸುಣ್ಣ ಹಚ್ಚುವಾಗಲೂ ಊರವರು ಅದನ್ನು ಬಿಟ್ಟೇ ಹಚ್ಚುತ್ತಾರೆ.

ಮತ್ತೆ ನೀರು ಬಂದರೆ ಎತ್ತ ಓಡಬೇಕೆಂದು ಊರವರಿಗೆ ತೋರಿಸಲು ಗುಡಿಯ ಮುಂದಿನ ಬೇವಿನ ಟೊಂಗೆಗೆ ಇಂದು ಒಂದು ನಕ್ಷೆ ತೂಗುಬಿದ್ದಿದೆ. ಸರ್ವೆ ಆಫ್ ಇಂಡಿಯಾದ ಹಾಳೆಯನ್ನು ಆಧರಿಸಿ ಅಚ್ಚುಕಟ್ಟಾಗಿ ಮುದ್ರಿಸಿದ್ದು, ಅಳತೆ 1:50,000. ಅಂದರೆ ನೆಲದ ಅರ್ಧ ಕಿಲೋಮೀಟರು ಕಾಗದದ ಮೇಲೆ ಒಂದೇ ಸೆಂಟಿಮೀಟರು. ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬರುತ್ತಾಳೆ.

“ಇದರಾಗ ನಮ್ಮ ಮನಿ ಎಲ್ಲೈತೋ ತಮ್ಮಾ?”

“ಇಲ್ಲೇ ಐತಿ ನೋಡ್ರಿ ಆಯಿ” ಎಂದು ತರಬೇತಿ ಪಡೆದು ಬಂದ ಹುಡುಗ ಬೆರಳಿಡುತ್ತಾನೆ. ಬೆರಳಿನ ಕೆಳಗೆ ಊರಿಗೆ ಊರೇ ಮುಚ್ಚಿಹೋಗುತ್ತದೆ.

ನಕ್ಷೆ ಸುಳ್ಳಲ್ಲ. ರಸ್ತೆ ಹಾಕುವ ಎಂಜಿನಿಯರಿಗೆ, ಮೇಜಿನ ಮುಂದೆ ಕೂತು ಜಿಲ್ಲೆಯನ್ನೇ ನೋಡಬೇಕಾದವರಿಗೆ ಅದು ಬೇಕೇ ಬೇಕು. ಆದರೆ ಅದರ ಮೇಲಿನ ಕಂದು ಎತ್ತರದ ಗೆರೆಗಳು 20 ಮೀಟರಿಗೊಂದು. ಎರಿಭೂಮಿಯ ಈ ಸಪಾಟು ಸೀಮೆಯಲ್ಲಿ ಹೊಳೆ ಮೂರು ಮೀಟರು ಏರಿದರೆ ಓಣಿಗಳು ಮುಳುಗುತ್ತವೆ. ಮುಳುಗುವ ಓಣಿಗೂ ಉಳಿಯುವ ಓಣಿಗೂ ನಡುವೆ ಆ ಕಾಗದದಲ್ಲಿ ಒಂದು ಗೆರೆಯೂ ಇಲ್ಲ.

ಹೊತ್ತು ಏರುವ ಮುನ್ನ ಹೆಂಗಸರು ಗುಡಿಯ ಅಂಗಳ ಗುಡಿಸಿ, ನೀರು ಚಿಮುಕಿಸಿ, ತಮ್ಮದೇ ನಕ್ಷೆ ಬಿಡಿಸಲು ರಂಗೋಲಿ ಬಟ್ಟಲು ಹಿಡಿದು ಕೂತರು. ಹೊಳೆಗೆ ಬೂದಿ, ದಾರಿಗಳಿಗೆ ಬಿಳಿ ಹುಡಿ, ಊರಾಚೆಯ ಎತ್ತರದ ನೆಲವಾದ ಮಡ್ಡಿಗೆ ಕೆಮ್ಮಣ್ಣಿನ ಗುಡ್ಡೆ. ಎದ್ದು ನಡೆಯಲಾರದವರು ಇರುವ ಮನೆ, ಬಸುರಿ ಇರುವ ಮನೆಗೆ ಒಂದೊಂದು ಹುಣಸೆಬೀಜ. ಯಾರ ಮನೆಗೆ ಬೀಜ ಇಡಬೇಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ಯಾವ ಕಚೇರಿಯ ಪಟ್ಟಿಯೂ ಅಷ್ಟು ಬೇಗ ತಯಾರಾಗುವುದನ್ನು ನಾನು ನೋಡಿಲ್ಲ.

ಹೊಳೆಯನ್ನು ಅವರು ಎಳೆದದ್ದು ತಮ್ಮ ಕಾಲಬುಡದಲ್ಲಿ. ಹುಡುಗನಿಗೆ ಕಸಿವಿಸಿ. “ಅಕ್ಕಾರ, ಉತ್ತರ ಮ್ಯಾಲ ಬರಬೇಕಲ್ಲರಿ.”

“ಉತ್ತರಕ್ಕ ಹೊಳಿ ಐತೆಲ್ಲೋ ತಮ್ಮಾ. ನೀರು ಬಂದಾಗ ಹೊಳಿ ಕಡೆ ಮಾರಿ ಮಾಡಿ ಯಾರರ ಓಡತಾರೇನು?”

ಬೇವಿನ ನೆರಳಿನಲ್ಲಿ ಆಡಿದ ಈ ಮಾತನ್ನೇ ಅಮೆರಿಕದ ಮನೋವಿಜ್ಞಾನಿ ಮಾರ್ವಿನ್ ಲೆವಿನ್ 1980ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ಕಟ್ಟಡಗಳಲ್ಲಿ ‘ನೀವು ಇಲ್ಲಿದ್ದೀರಿ’ ಎಂದು ತೂಗುಹಾಕುವ ನಕ್ಷೆ ನೋಡುವವನ ಮುಖದ ದಿಕ್ಕಿಗೆ ಹೊಂದಿರದಿದ್ದರೆ ಬಹಳ ಜನ ದಾರಿ ತಪ್ಪುತ್ತಾರೆ. ನಕ್ಷೆಯ ಮೇಲ್ತುದಿ ಎಂದರೆ ನನ್ನ ಮುಂದಿನ ದಾರಿ ಎಂದೇ ಕಣ್ಣು ಎಣಿಸುತ್ತದೆ. ಓಡುವವನಿಗೆ ಅದನ್ನು ತಲೆಯೊಳಗೆ ತಿರುಗಿಸಿ ನೋಡಲು ಪುರುಸೊತ್ತೆಲ್ಲಿ?

ಅಷ್ಟರಲ್ಲಿ ಮುದ್ರಿತ ನಕ್ಷೆಯ ಕೆಂಪು ಡಾಂಬರು ರಸ್ತೆಯನ್ನು ಯಾರೋ ನೆಲಕ್ಕಿಳಿಸಿದ್ದರು. ಮಡ್ಡಿಗೆ ಅದೇ ಹತ್ತಿರದ ದಾರಿ. ಮುದುಕಿ ಎದ್ದಳು. ಬೊಗಸೆಯಲ್ಲಿ ಬೂದಿ ತಂದು ಆ ರಸ್ತೆಯ ನಡುವಿಗೆ ಸುರಿದಳು. “ಹೊಳಿ ಮುಂದಿನಿಂದ ಬರಂಗಿಲ್ಲವ್ವ. ಹಳ್ಳದಾಗ ಹಾದು ಹಿಂದಿನಿಂದ ಬರತೈತಿ. ಮೊದಲ ಈ ಸೇತುವಿ ಹೋಗತೈತಿ, ಆಮ್ಯಾಲ ನಮ್ಮ ಓಣಿ.” ಹೊಳೆ ಉಕ್ಕಿದಾಗ ಅದರ ನೀರು ಹಳ್ಳದೊಳಗೆ ಹಿಮ್ಮುಖವಾಗಿ ನುಗ್ಗಿ ಊರಿನ ಬೆನ್ನಿಗೆ ಬಂದು ನಿಲ್ಲುತ್ತದೆ. ಮನೆಯಂಗಳ ಇನ್ನೂ ಒಣಗಿರುವಾಗಲೇ ಊರು ನಡುಗಡ್ಡೆಯಾಗಿರುತ್ತದೆ. ಹತ್ತಿರದ ದಾರಿ ಮೊದಲು ಮುಳುಗುವ ದಾರಿಯಾಗಿತ್ತು. ಬಂಡಿದಾರಿಯಲ್ಲಿ ಸುತ್ತಿ ಹೋಗುವುದೇ ಸರಿ ಎಂದು ಬಿಳಿ ಹುಡಿ ಹೊಸ ಗೆರೆ ಹಿಡಿಯಿತು.

ಆಮೇಲೆ ಮುದ್ರಿತ ನಕ್ಷೆಯಲ್ಲಿ ಬೇಡದ್ದನ್ನು ಅಳಿಸುವ ಕೆಲಸ. ಪಂಚಾಯಿತಿಯ ಗಡಿ ಹೋಯಿತು, ಮೂಲೆಯಲ್ಲಿದ್ದ ಹದಿನಾಲ್ಕು ಸಂಕೇತಗಳ ಪಟ್ಟಿ ಹೋಯಿತು. ‘ತಾತ್ಕಾಲಿಕ ಪರಿಹಾರ ಕೇಂದ್ರ’ ಎಂಬುದು ‘ಮಡ್ಡಿ ಸಾಲಿ’ ಆಯಿತು. ಹೊಳೆ ಏರಿದಾಗ ಟೀವಿಯವರು ಲಕ್ಷ ಕ್ಯೂಸೆಕ್ ಎನ್ನುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿನಷ್ಟು ನೀರು. ಆ ಲೆಕ್ಕ ಹಿಡಿದು ಯಾರೂ ಮಗುವನ್ನು ಎತ್ತಿಕೊಂಡು ಹೊರಡಲಾರರು. ಇಲ್ಲಿಯ ಅಳತೆ ಗುಡಿಯ ಮೆಟ್ಟಿಲು. ಎರಡನೆಯ ಮೆಟ್ಟಿಲಿಗೆ ನೀರು ಬಂದರೆ ಹುಣಸೆಬೀಜದ ಮನೆಗಳು ಮೊದಲು ಹೊರಡಬೇಕು.

ನೀರು ಇಲ್ಲಿಯವರೆಗೆ ಎಂದು 2019ರ ಗುರುತಿಗೇ ಗೆರೆ ಎಳೆದು ಮುಗಿಸಲು ಹುಡುಗ ಹೊರಟಾಗ ನನಗೆ ಜಪಾನಿನ ಕಮೈಶಿ ನೆನಪಾಯಿತು. ಅಲ್ಲಿಯ ಉನೊಸುಮಾಯಿ ಭಾಗದ ಎರಡು ಶಾಲೆಗಳು ಸುನಾಮಿ ನಕ್ಷೆಯಲ್ಲಿ ಅಪಾಯದ ಬಣ್ಣದಿಂದ ಹೊರಗಿದ್ದವು. ಆದರೆ ಪ್ರಾಧ್ಯಾಪಕ ತೊಶಿತಾಕಾ ಕತಾದಾ ಆ ಊರಿನ ಮಕ್ಕಳಿಗೆ ನಕ್ಷೆಯ ಅಂದಾಜನ್ನು ನಂಬಿ ಕೂರಬೇಡಿ ಎಂದು ವರ್ಷಗಳಿಂದ ಹೇಳಿಕೊಟ್ಟಿದ್ದರು. 2011ರ ಮಾರ್ಚ್ 11ರಂದು ಮಕ್ಕಳು ಮೊದಲ ತಾಣದಲ್ಲೂ ನಿಲ್ಲದೆ ಇನ್ನೂ ಮೇಲೆ, ಅದಕ್ಕೂ ಮೇಲೆ ಓಡಿದರು. ಸುನಾಮಿ ಆ ಶಾಲೆಗಳನ್ನು ನುಂಗಿತು. ಓಡಿದ ಸುಮಾರು 600 ಮಕ್ಕಳು ಬದುಕಿದರು. ನಕ್ಷೆಯಲ್ಲಿ ಎಳೆದ ಗೆರೆ ಆಚೆ ಇರುವವರನ್ನು ನಿಶ್ಚಿಂತರನ್ನಾಗಿ ಮಾಡುತ್ತದೆ. ನನಗೆ ಅದರದ್ದೇ ಭಯ. ಇದನ್ನು ಹೇಳಿದಾಗ ಹುಡುಗ ಸುಮ್ಮನೆ ಕೇಳಿಸಿಕೊಂಡ. ಬೂದಿಯನ್ನು ಗೆರೆಯಾಗಿ ನಿಲ್ಲಿಸದೆ ಮೇಲಕ್ಕೆ ತೆಳ್ಳಗೆ, ಇನ್ನೂ ತೆಳ್ಳಗೆ ಉದುರಿಸುತ್ತ ಹೋದ.

ಮಧ್ಯಾಹ್ನದ ಮೇಲೆ ನೆಲದ ನಕ್ಷೆಯನ್ನು ಗೋಡೆಗೇರಿಸಲು ಪೇಂಟರ್ ಬಂದ. ಊರವರು ಆರಿಸಿದ್ದು ಚಾವಡಿಯ ಗೋಡೆ. ಅದರೆದುರು ನಿಂತವರ ಮುಖ ತಾನಾಗಿ ತೆಂಕಣಕ್ಕೆ, ಮಡ್ಡಿಯ ಕಡೆಗೆ ತಿರುಗುತ್ತದೆ. ಬಣ್ಣದ ಮಾತು ಬಂದಾಗ ಕೆಂಪು, ಹಸಿರು ಬೇಡವೆಂದಾಯಿತು. ಆ ಎರಡರ ಭೇದ ಕಾಣದ ಕಣ್ಣುಗಳುಂಟು.  ಹಳದಿಯ ಮೇಲೆ ಕಪ್ಪು, ಅಂಗೈ ಅಗಲದ ಬಾಣ, ಮಳೆಗೆ ತೊಳೆದುಹೋಗದ ಎಣ್ಣೆಬಣ್ಣ.

ಮುಗಿಯುವ ಹೊತ್ತಿಗೆ ಕತ್ತಲಾಯಿತು, ಕರೆಂಟೂ ಹೋಯಿತು. ಒಳ್ಳೆಯದೇ ಆಯಿತು. ನಕ್ಷೆಯನ್ನು ಪರೀಕ್ಷಿಸಲು ಅಕ್ಷರ ಬಾರದ ಒಬ್ಬ ತಾಯಿಯನ್ನು ಕರೆದರು. ಕಂಕುಳಲ್ಲಿ ಕೂಸು. ಹತ್ತು ಹೆಜ್ಜೆ ದೂರದಿಂದ ಹುಡುಗ ಮೊಬೈಲಿನ ಬೆಳಕು ಬಿಟ್ಟ. ಅವಳ ಬೆರಳು ತನ್ನ ಓಣಿಯ ದುರುಗವ್ವನ ಗುಡಿಯಿಂದ ಹೊರಟು, ಸೇತುವೆಯ ಕಡೆ ಹೊರಳದೆ, ಬಂಡಿದಾರಿ ಹಿಡಿದು, ಮಡ್ಡಿ ಸಾಲಿಯ ಮುಂದೆ ನಿಂತಿತು. ಪೇಂಟರ್ ಡಬ್ಬಿಯ ಮುಚ್ಚಳ ಒತ್ತಿದ.

ಅವಳು ಮಾತ್ರ ಗೋಡೆ ಬಿಟ್ಟು ಕದಲಲಿಲ್ಲ. “ಎಲ್ಲಾ ಖರೆ. ಎಮ್ಮಿ ಎಲ್ಲಿ ಕಟ್ಟೂದು?”

ಯಾರೂ ಮಾತಾಡಲಿಲ್ಲ. ಹಿಂದಿನ ಸಲ ದನ ಬಿಟ್ಟು ಬರಲೊಲ್ಲದೆ ಮಾಳಿಗೆ ಹತ್ತಿ ಕೂತವರು ಅಲ್ಲಿಯೇ ನಿಂತಿದ್ದರು. ಸಾಲಿಯ ಹಿಂದಿನ ಬಯಲು, ಅಲ್ಲಿಯ ನೀರಿನ ತೊಟ್ಟಿ, ಮೇವಿನ ಬಣವೆಗೆ ಜಾಗ ಎಂದು ಒಬ್ಬೊಬ್ಬರೇ ಹೇಳತೊಡಗಿದರು. ಪೇಂಟರ್ ಡಬ್ಬಿಯ ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಮುಚ್ಚಳ ಎತ್ತಿದ. ಹುಡುಗ ಬೆಳಕನ್ನು ಗೋಡೆಯ ಮೇಲ್ತುದಿಗೆ ಹಿಡಿದ.